ಮಂದ ಬೆಳಕಿನ ಅಳತೆ

ಫೆಬ್ರವರಿ ೯

ಪ್ರೀತಿಯ ಇಲಿಮರಿಗೆ,

ಫೋನ್ ಇರುವಾಗ ಅತ್ತಿಗೆ ಯಾಕೆ ಕಾಗದ ಬರೆದಳು ಎಂದು ಹುಬ್ಬೇರಿಸಬೇಡ. ನಮ್ಮ ಮನೆ ನಿನಗೆ ಗೊತ್ತಲ್ಲ, ಮುಂದಿನ ಕೋಣೆಯೇ ಅಂಗಡಿ. ನಾನು ಅಡುಗೆಮನೆಯಲ್ಲಿ ನಿಟ್ಟುಸಿರು ಬಿಟ್ಟರೂ ನಿನ್ನಣ್ಣನಿಗೆ ಕೇಳಿಸುತ್ತದೆ. ದಿನವಿಡೀ ಕೈಗಡಿಯಾರಗಳಿಗೆ ಕಿವಿಗೊಟ್ಟು ಕೂರುವ ಮನುಷ್ಯ. ಅವರ ಕಿವಿಗೆ ಬೀಳದಂತೆ ನಿನಗೊಂದು ಮಾತು ಹೇಳಬೇಕೆಂದರೆ ಕಾಗದವೇ ಗತಿ.

ಅವರಿಗೆ ತಲೆನೋವು. ಬಲಹುಬ್ಬಿನ ಮೇಲೆ. ನಾಲ್ಕು ತಿಂಗಳಾಯಿತು. ಕಣ್ಣನ್ನು ಯಾರೋ ಒಳಗಿನಿಂದ ಒತ್ತಿದ ಹಾಗಾಗುತ್ತದಂತೆ. ಇದನ್ನು ಹೇಳಿದ್ದೂ ಒಂದೇ ಸಲ, ಬಾಯಿ ತಪ್ಪಿ. ಆಮೇಲೆ ಕೇಳಿದರೆ "ನಂಗೇನಾಗಿದೆ? ಕಲ್ಲುಗುಂಡಿನ ಹಾಗಿದೀನಿ" ಎನ್ನುತ್ತಾರೆ. ಕಲ್ಲುಗುಂಡು ಸಂಜೆಯ ಹೊತ್ತಿಗೆ ಹಣೆ ಹಿಡಿದುಕೊಂಡು ಮೇಜಿನ ಮೇಲೆ ಒರಗಿರುತ್ತದೆ.

ಹೋದ ವರ್ಷ ನೀನು ಕೊಟ್ಟ ಫೋನಿನಲ್ಲಿ ಅವರು ಮಾತಾಡುವುದು ಕಡಿಮೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವುದು ಐವತ್ತು ದಾಟಿದ ಮೇಲೆ ಕಷ್ಟವಾಯಿತಲ್ಲ, ಆ ಫೋನನ್ನೇ ಒಂದು ಸ್ಟ್ಯಾಂಡಿಗೆ ಕಟ್ಟಿ, ಕ್ಯಾಮೆರಾದ ಕೆಳಗೆ ಗಡಿಯಾರ ಇಟ್ಟು, ಪರದೆಯಲ್ಲಿ ಹಿಗ್ಗಿ ಕಾಣುವ ಸ್ಕ್ರೂಗಳನ್ನು ನೋಡುತ್ತ ಕೆಲಸ ಮಾಡುತ್ತಾರೆ. ಕಣ್ಣು ಕುಕ್ಕುತ್ತದೆಂದು ಪರದೆಯ ಬೆಳಕನ್ನು ತೀರಾ ಕೆಳಗಿಟ್ಟಿರುತ್ತಾರೆ. ನೋವು ಬರುವುದೂ ಆಗಲೇ.

ಫೋನಿನ ಪರದೆಗಳನ್ನು ಪರೀಕ್ಷೆ ಮಾಡುವುದೇ ನಿನ್ನ ಕೆಲಸ. ಅದರಿಂದ ಹೀಗಾಗುತ್ತದೆಯೇ? ಅಥವಾ ಬೇರೇನಾದರೂ ಇರಬಹುದೇ? ಕೈಯಲ್ಲಿ ಚಿಮುಟ ಹಿಡಿಯಲಾಗದಿದ್ದರೆ ಅವರು ಅವರಾಗಿ ಉಳಿಯುವುದಿಲ್ಲ. ಅದು ನನಗಿಂತ ನಿನಗೆ ಚೆನ್ನಾಗಿ ಗೊತ್ತು.

ಅತ್ತಿಗೆ


ಫೆಬ್ರವರಿ ೨೦

ಅತ್ತಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ. ಮೂರನೆಯ ದಿನ ಅಳೆದೆ. ಕಾರಣ ಸಿಕ್ಕಿದೆ. ಇದನ್ನು ಅಣ್ಣನಿಗೆ ಗಟ್ಟಿಯಾಗಿ ಓದಿ ಹೇಳಿ, ಕದ್ದುಮುಚ್ಚಿ ಬೇಡ.

ಅದೇ ಮಾದರಿಯ ಫೋನನ್ನು ಲ್ಯಾಬಿನ ಕಪಾಟಿನಿಂದ ತೆಗೆದು, ಪರದೆಗೆ ಬೆಳಕನ್ನು ಹಿಡಿಯುವ ಸಣ್ಣ ಸೆನ್ಸರ್ ಅಂಟಿಸಿ, ಮೇಲೆ ಕಪ್ಪು ಬಟ್ಟೆ ಹೊದಿಸಿದೆ. ಈ ಅಮೋಲೆಡ್ ಪರದೆಗಳಲ್ಲಿ ಒಂದು ಗುಟ್ಟಿದೆ. ನಾವು ಬೆಳಕು ತೀರಾ ಕಡಿಮೆ ಮಾಡಿದಾಗ ಅದು ನಿಜವಾಗಿ ಮಂದವಾಗುವುದಿಲ್ಲ. ಪೂರ್ತಿ ಹೊತ್ತಿ, ಪೂರ್ತಿ ಆರಿ, ಮತ್ತೆ ಹೊತ್ತುತ್ತದೆ. ನಲ್ಲಿಯನ್ನು ಸಣ್ಣಗೆ ತಿರುಗಿಸುವ ಬದಲು ಸೆಕೆಂಡಿಗೆ ಇನ್ನೂರ ನಲವತ್ತು ಸಲ ಬಿಟ್ಟು ಕಟ್ಟಿದ ಹಾಗೆ. ನಮಗೆ ಕಾಣುವುದು ಮಂದ ಬೆಳಕು. ಕಣ್ಣಿಗೆ ಬೀಳುವುದು ಮಿಣುಕು. ಪೂರ್ತಿ ಬೆಳಕಿನಲ್ಲಿ ಆ ಮಿಣುಕಿನ ಆಳ, ಅಂದರೆ ಪ್ರತಿ ಸಲ ಬೆಳಕು ಕುಸಿಯುವ ಪ್ರಮಾಣ, ನೂರಕ್ಕೆ ಎಂಟು. ಅರ್ಧಕ್ಕಿಳಿಸಿದರೆ ಹನ್ನೊಂದು. ಅಣ್ಣ ಇಟ್ಟುಕೊಳ್ಳುವಷ್ಟು ಕೆಳಗಿಳಿಸಿದರೆ ತೊಂಬತ್ತಾರು. ಕೆಲವರಿಗೆ ಇದು ತಡೆಯುವುದಿಲ್ಲ, ತಲೆ ಸಿಡಿಯುತ್ತದೆ, ಕಣ್ಣು ನೋಯುತ್ತದೆ. ಅಣ್ಣ ಆ ಕೆಲವರಲ್ಲಿ ಒಬ್ಬ, ಅಷ್ಟೆ.

ಇವತ್ತಿನಿಂದ ಪರದೆಯ ಬೆಳಕನ್ನು ಪೂರ್ತಿ ಮೇಲಿಟ್ಟು ಕೆಲಸ ಮಾಡಲಿ. ಎರಡು ವಾರದಲ್ಲಿ ತಿಳಿಯುತ್ತದೆ.

ಈ ಮಾದರಿಯನ್ನು ಮಾರಾಟಕ್ಕೆ ಬಿಡುವ ಮುಂಚೆ ಪರೀಕ್ಷೆ ಮಾಡಿದ್ದು ನಮ್ಮ ಲ್ಯಾಬಿನಲ್ಲೇ. ಆಗ ಯಾರು ಏನು ಬರೆದರೋ, ಆ ಮಾತು ಈಗ ಯಾಕೆ.

ನಿಮ್ಮ ಇಲಿಮರಿ


ಮಾರ್ಚ್ ೧೫

ಇಲಿಮರಿ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಎರಡು ವಾರ ಬೇಕಾಗಲಿಲ್ಲ, ಐದನೇ ದಿನಕ್ಕೇ ನೋವು ಇಳಿಯಿತು. ಆಮೇಲೆ ಒಂದೇ ಒಂದು ಸಲ ಬಂದದ್ದು. ಮೊನ್ನೆ ಊಟಕ್ಕೆ ಕೂತವರು ನನ್ನ ಅಡುಗೆಯಲ್ಲಿ ಉಪ್ಪು ಹೆಚ್ಚೆಂದು ಜಗಳ ತೆಗೆದರು. ಸದ್ಯ, ಮನುಷ್ಯ ಸರಿಹೋದ ಎಂದುಕೊಂಡೆ.

ನಿನ್ನ ಕಾಗದವನ್ನು ಮೂರು ಸಲ ಓದಿಸಿದರು. ಆ ತೊಂಬತ್ತಾರು ಎಂಬಲ್ಲಿಗೆ ಬಂದಾಗ ಪ್ರತಿ ಸಲವೂ "ಹೂಂ, ಮತ್ತೆ" ಎಂದು ತಲೆದೂಗಿದರು. ಗಡಿಯಾರ ರಿಪೇರಿ ಆಯಿತೇ ಎಂದು ಕೇಳಲು ಬಂದ ಮೇಷ್ಟ್ರ ಮುಂದೆ ಒಂದೇ ಹೊಗಳಿಕೆ.

"ನನ್ನ ತಂಗಿ ಬೆಳಕಿನ ನಾಡಿ ನೋಡ್ತಾಳೆ ಮೇಷ್ಟ್ರೇ. ಸೆಕೆಂಡಿಗೆ ಇನ್ನೂರ ನಲವತ್ತು ಬಡಿತ."

"ಹಾಗಾದ್ರೆ ನನ್ನ ಗಡಿಯಾರಾನೂ ಅವಳಿಗೇ ಕಳಿಸಪ್ಪ, ನಿನ್ ಹತ್ರ ಕೊಟ್ಟು ಮೂರು ವಾರ ಆಯ್ತು."

ಇನ್ನೊಂದು ಮಾತು. ಮೊದಲು ನೀನು ವರ್ಷಕ್ಕೊಮ್ಮೆ ನಾಲ್ಕು ಸಾಲು ಗೀಚುತ್ತಿದ್ದವಳು. ನಿನ್ನ ಕಾಗದ ಬಂದ ದಿನ ಅವರು ಗಡ್ಡ ಬೋಳಿಸಿಕೊಂಡು ಕೂತು ಕೇಳಿದರು. ನಗು ಬಂದರೂ ನಾನು ನಗಲಿಲ್ಲ.

ತೊಂದರೆ ಒಂದೇ. ಪೂರ್ತಿ ಬೆಳಕಿನಲ್ಲಿ ಉಕ್ಕಿನ ಚಕ್ರಗಳು ಥಳಥಳಿಸಿ ಕಣ್ಣಿಗೆ ಹೊಡೆಯುತ್ತವಂತೆ. ಸ್ಕ್ರೂವಿನ ತಲೆಯ ಗೀರು ಕಾಣುವುದಿಲ್ಲವಂತೆ. ಇದಕ್ಕೇನಾದರೂ ಉಪಾಯವಿದೆಯೇ?

ಅತ್ತಿಗೆ


ಮಾರ್ಚ್ ೨೬

ಅತ್ತಿಗೆ,

ಇದರ ಜೊತೆಗಿರುವ ಕಪ್ಪು ಹಾಳೆಯನ್ನು ಮಡಿಸಬೇಡಿ. ಫೋನಿನ ಅಳತೆಗೆ ನಾನೇ ಕತ್ತರಿಸಿದ್ದು. ಪರದೆಯ ಬೆಳಕು ಪೂರ್ತಿ ಮೇಲೆಯೇ ಇರಲಿ, ಮೇಲೆ ಈ ಹಾಳೆ ಅಂಟಿಸಿ. ಮಿಣುಕು ಹೆಚ್ಚುವುದಿಲ್ಲ, ಬೆಳಕು ಮಾತ್ರ ಹಾಳೆಯಲ್ಲಿ ಸೋಸಿ ಮಂದವಾಗಿ ಬರುತ್ತದೆ. ಹಾಳೆ ಹಾಕಿ ಅಳೆದೆ, ನೂರಕ್ಕೆ ಎಂಟು. ಗೀಟು ಎಳೆದ ಹಾಗೆ ನೆಟ್ಟಗಿದೆ. ಆ ಗ್ರಾಫನ್ನೂ ಇಟ್ಟಿದ್ದೇನೆ, ಅಣ್ಣನಿಗೆ ತೋರಿಸಿ, ಅವನಿಗೆ ಖುಷಿಯಾಗುತ್ತದೆ.

ಅಂಗಡಿಯ ಹಳೆಯ ಟ್ಯೂಬ್‌ಲೈಟೂ ಮಿಣುಕುತ್ತದೆ. ಕೆಲಸದ ಹೊತ್ತಿನಲ್ಲಿ ಅದನ್ನು ಆರಿಸಿಬಿಡಿ. ಹಾಳೆಯ ಮೇಲೆ ಕಿಟಕಿಯ ಬೆಳಕು ಬಿದ್ದರೆ ಹೊಳೆಯುತ್ತದೆ, ಹಾಗಾಗಿ ಕಿಟಕಿಗೆ ಪರದೆ ಎಳೆದುಕೊಳ್ಳಲಿ. ಸುತ್ತ ಕತ್ತಲಿದ್ದರೆ ಹಾಳೆಯೊಳಗಿನ ಚಿತ್ರ ನಿಚ್ಚಳವಾಗಿ ಕಾಣುತ್ತದೆ.

ಇಲ್ಲಿ ನನ್ನ ಮೇಲಿನವರು ಕಪ್ಪು ಬಟ್ಟೆಯ ಕೆಳಗೆ ತಲೆ ತೂರಿಸಿಕೊಂಡ ನನ್ನನ್ನು ನೋಡಿ, "ಆ ಮಾದರಿಯದು ಮುಗಿದ ಕಥೆ ಅಲ್ವೇನಮ್ಮ, ಹೆಣ ಯಾಕೆ ಅಗೀತಿದೀಯ?" ಎಂದರು. ನಮ್ಮಣ್ಣನಿಗೆ ಎಂದೆ.

ಇಲಿಮರಿ


ಏಪ್ರಿಲ್ ೨೧

ಇಲಿಮರಿ,

ಹಾಳೆ ಅಂಟಿಸಿದೆವು. ಟ್ಯೂಬ್‌ಲೈಟ್ ಆರಿಸಿದೆವು. ನೀನು ಹೇಳಿದ್ದನ್ನು ಅವರು ಚಾಚೂ ತಪ್ಪದೆ ಮಾಡುತ್ತಿದ್ದಾರೆ. ಈಗ ಹಗಲಿನಲ್ಲೂ ನಮ್ಮ ಮುಂದಿನ ಕೋಣೆ ಬಾವಿಯ ಹಾಗಿದೆ. ಗಿರಾಕಿಗಳು ಹೊಸ್ತಿಲ ಬಳಿ ನಿಂತು "ಅಂಗಡಿ ಇದೆಯೋ ಇಲ್ಲವೋ?" ಎಂದು ಕೇಳುತ್ತಾರೆ. ಅವರು ಒಳಗಿನಿಂದ "ಇದೆ, ಕಣ್ಣು ಹೊಂದಿಕೊಳ್ಳೋವರೆಗೆ ನಿಂತ್ಕೊಳ್ಳಿ" ಎನ್ನುತ್ತಾರೆ.

ಆದರೆ ನೋವು ಮತ್ತೆ ಬಂದಿದೆ. ಮೊದಲಿಗಿಂತ ಹೆಚ್ಚೇ ಇರಬೇಕು, ಊಟ ಬಿಡುವಷ್ಟು. ಮೊನ್ನೆ ಸಂಜೆ ಬಾಗಿಲಲ್ಲಿ ನಿಂತು ಬೀದಿದೀಪ ನೋಡುತ್ತಿದ್ದವರು, "ಲೇ, ದೀಪಕ್ಕೆ ಯಾರೋ ಕಾಮನಬಿಲ್ಲಿನ ಬಳೆ ತೊಡಿಸಿದಾರೆ ನೋಡು" ಎಂದರು. ನನಗೆ ಬರೀ ದೀಪ ಕಂಡಿತು. ಮೂವತ್ತು ವರ್ಷ ಕವಿತೆ ಓದಿದವಳು ನಾನು, ಕವಿಯಾದವರು ಇವರು ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ.

ಕಣ್ಣಿನ ಡಾಕ್ಟರಿಗೊಮ್ಮೆ ತೋರಿಸಲೇ? "ಇಲಿಮರಿ ಅಳೆದು ಹೇಳಿದಾಳೆ, ಡಾಕ್ಟರೇನು ಅಳೀತಾನೆ?" ಎಂಬುದು ಅವರ ವಾದ. ನೀನು ಒಂದು ಮಾತು ಬರೆದರೆ ಹೊರಟಾರು.

ಅತ್ತಿಗೆ


ಏಪ್ರಿಲ್ ೩೦

ಅತ್ತಿಗೆ,

ಬೇಸರ ಮಾಡಿಕೊಳ್ಳಬೇಡಿ, ಸ್ವಲ್ಪ ಖಾರವಾಗಿ ಬರೆಯುತ್ತೇನೆ. ಅಣ್ಣ ಹಾಳೆ ತೆಗೆದು, ಬೆಳಕು ಇಳಿಸಿ ಕೆಲಸ ಮಾಡುತ್ತಿದ್ದಾನೆ, ನಿಮಗೆ ಹೇಳುತ್ತಿಲ್ಲ. ಬೇರೆ ದಾರಿಯೇ ಇಲ್ಲ. ಮಿಣುಕು ಹೋದ ಮೇಲೆ ನೋವು ಬರಲು ಕಾರಣವಿಲ್ಲ. ನಾನು ನಾಲ್ಕು ಸಲ ಅಳೆದಿದ್ದೇನೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಿ.

ಬಳೆಯ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅವನ ಕನ್ನಡಕದ ಗಾಜು ಗಡಿಯಾರದ ಎಣ್ಣೆ ತಾಗಿ ಮಸುಕಾಗಿರುತ್ತದೆ. ಜಿಡ್ಡಿನ ಗಾಜಿನಲ್ಲಿ ದೀಪ ನೋಡಿದರೆ ಯಾರಿಗೂ ಬಣ್ಣ ಕಾಣುತ್ತದೆ. ಸಾಬೂನು ಹಾಕಿ ತೊಳೆಯಲಿ.

ಡಾಕ್ಟರು ಕನ್ನಡಕದ ನಂಬರ್ ಬದಲಿಸಿ ಕಳಿಸುತ್ತಾರೆ. ಆಗ ಎರಡು ಬದಲಾವಣೆ ಒಟ್ಟಿಗಾಗಿ, ಯಾವುದರಿಂದ ಏನಾಯಿತೆಂದು ನನಗೆ ತಿಳಿಯುವುದಿಲ್ಲ. ಮೂರು ವಾರ ತಡೆಯಿರಿ. ಮಿಣುಕನ್ನು ಇನ್ನೂ ತಗ್ಗಿಸುವ ಹೊಸ ಸಾಫ್ಟ್‌ವೇರ್ ಪರೀಕ್ಷೆ ಮಾಡುತ್ತಿದ್ದೇನೆ. ಅಣ್ಣನನ್ನು ನಾನು ನೆಟ್ಟಗೆ ಮಾಡುತ್ತೇನೆ. ಮಾಡಲೇಬೇಕು.

ಇಲಿಮರಿ


ಜೂನ್ ೩

ಫೋನಿನಲ್ಲಿ ನಿನಗೆ ಅರ್ಧಂಬರ್ಧ ತಿಳಿದಿದೆ. ಉಳಿದದ್ದು ಇದು.

ಮೇ ೧೭ರ ಶನಿವಾರ ಮಧ್ಯಾಹ್ನ ಮೇಜಿನಿಂದ ಎದ್ದವರು ಗೋಡೆ ಹಿಡಿದುಕೊಂಡರು. ಬಲಗಣ್ಣು ಕೆಂಡ. ಎರಡು ಸಲ ವಾಂತಿ ಮಾಡಿಕೊಂಡರು. ನಾನು ನಿನಗೆ ಫೋನ್ ಮಾಡಿದೆ. ಆಗ ನೀನು ಹೇಳಿದ್ದು ನೆನಪಿದೆಯೇ? "ಕತ್ತಲಲ್ಲಿ ಮಲಗಿಸಿ ಅತ್ತಿಗೆ, ಯಾವ ಬೆಳಕೂ ಬೇಡ, ನರ ಶಾಂತ ಆಗ್ಲಿ." ಕಿಟಕಿಗೆ ಕಂಬಳಿ ಕಟ್ಟಿದೆ. ಭಾನುವಾರವಿಡೀ ಹಣೆಗೆ ಒದ್ದೆಬಟ್ಟೆ ಹಾಕಿಕೊಂಡು ಕೂತಿದ್ದೆ. ಸೋಮವಾರ ಬೆಳಗ್ಗೆ ಬಲಗೈಯನ್ನು ಮುಖದ ಮುಂದೆ ಆಡಿಸಿ, "ಈ ಕಡೆಯಿಂದ ಕೈ ಕಾಣ್ತಿಲ್ಲ ಕಣೇ" ಎಂದರು. ಆಗ ಯಾರನ್ನೂ ಕೇಳದೆ ಆಟೋ ಹತ್ತಿಸಿದೆ.

ಆಸ್ಪತ್ರೆಯ ಡಾಕ್ಟರಮ್ಮ ಮೊದಲು ಕೇಳಿದ್ದೇ ಇದು. "ದೀಪದ ಸುತ್ತ ಬಣ್ಣದ ಬಳೆ ಕಾಣ್ತಿತ್ತಾ?"

ನಾನು ಹೂಂ ಎಂದೆ.

"ಎಷ್ಟು ದಿನದಿಂದ?"

"ಚಳಿಗಾಲದಿಂದ" ಎಂದರು ಅವರು. ನನಗೆ ಹೇಳಿದ್ದು ಏಪ್ರಿಲ್‌ನಲ್ಲಿ.

"ಮತ್ತೆ ಯಾಕ್ರೀ ಬರ್ಲಿಲ್ಲ ಇಷ್ಟು ದಿನ?"

"ಕಾರಣ ಗೊತ್ತಿತ್ತಲ್ಲ" ಎಂದರು.

ಕಣ್ಣಿನೊಳಗಿನ ನೀರು ಹೊರಹೋಗುವ ದಾರಿ ಅವರಲ್ಲಿ ಹುಟ್ಟಿನಿಂದಲೇ ಇಕ್ಕಟ್ಟಂತೆ. ವಯಸ್ಸಾದಂತೆ ಇನ್ನೂ ಇಕ್ಕಟ್ಟಾಗುತ್ತದಂತೆ. ಕತ್ತಲಲ್ಲಿ ಪಾಪೆ ಹಿಗ್ಗಿದಾಗ ಆ ದಾರಿ ಮುಚ್ಚಿ, ನೀರು ನಿಂತು, ಒತ್ತಡ ಏರಿ ನರವನ್ನು ಕೊಲ್ಲುತ್ತದಂತೆ. ಬೆಳಕಿನಲ್ಲಿ ಪಾಪೆ ಕುಗ್ಗುತ್ತದೆ, ದಾರಿ ತೆರೆಯುತ್ತದೆ. ಮಾರ್ಚ್‌ನಲ್ಲಿ ಅವರು ನೆಟ್ಟಗಿದ್ದದ್ದು ಅದಕ್ಕೆ. ಫೋನಿನಿಂದ ಹೀಗಾಯಿತೇ ಎಂದು ಕೇಳಿದೆ. "ಫೋನಿಗೂ ಇದಕ್ಕೂ ಸಂಬಂಧ ಇಲ್ಲಮ್ಮ. ಮಂದ ಬೆಳಕಲ್ಲಿ ಬಗ್ಗಿ ಕೂತು ಪುಸ್ತಕ ಓದಿದ್ರೂ ಇದೇ ಆಗ್ತಿತ್ತು" ಎಂದರು.

ಎಡಗಣ್ಣಿಗೆ ಲೇಸರಿನಿಂದ ಸಣ್ಣ ತೂತು ಮಾಡಿ ದಾರಿ ಬಿಡಿಸಿದ್ದಾರೆ. ಅದು ಉಳಿಯುತ್ತದೆ. ಬಲಗಣ್ಣು ಹೋಯಿತು. ಶನಿವಾರವೇ ಬಂದಿದ್ದರೆ ಎಂದು ಡಾಕ್ಟರಮ್ಮ ಮಾತು ಶುರು ಮಾಡಿದರು, ನಮ್ಮ ಮುಖ ನೋಡಿ ಮುಗಿಸಲಿಲ್ಲ.

ಅತ್ತಿಗೆ


ಜೂನ್ ೧೨

ಅತ್ತಿಗೆ,

ಈ ಕಾಗದವನ್ನು ಅಣ್ಣನಿಗೆ ಓದಬೇಡಿ.

ಆ ಫೋನಿನ ಪರೀಕ್ಷೆ ಮಾಡಿದವಳು ನಾನೇ. ವರದಿಯಲ್ಲಿ ಮೂರು ಚೌಕಗಳಿದ್ದವು. ಪೂರ್ತಿ ಬೆಳಕು, ಅರ್ಧ ಬೆಳಕು, ಕನಿಷ್ಠ ಬೆಳಕು. ಮೂರನೆಯದನ್ನೂ ಅಳೆದಿದ್ದೆ. ತೊಂಬತ್ತಾರು. ಅದನ್ನು ಬರೆದರೆ ಫೋನು ಮಾರುಕಟ್ಟೆಗೆ ಹೋಗುವುದು ತಡವಾಗುತ್ತಿತ್ತು. "ಅಷ್ಟು ಕಡಿಮೆ ಬೆಳಕಲ್ಲಿ ಯಾರು ನೋಡ್ತಾರಮ್ಮ?" ಎಂದರು ಮೇಲಿನವರು. ನಾನು ಮೂರನೆಯ ಚೌಕದಲ್ಲಿ 'ಅನ್ವಯಿಸುವುದಿಲ್ಲ' ಎಂದು ಬರೆದು ಸಹಿ ಹಾಕಿದೆ. ಅದೇ ಫೋನನ್ನು ಅಣ್ಣನಿಗೆ ಕೊಟ್ಟೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಹಾಗಾಗಿ ಫೆಬ್ರವರಿಯಲ್ಲಿ ನಿಮ್ಮ ಕಾಗದ ಬಂದಾಗ ನನಗೆ ಬೇರೆ ಏನೂ ತೋಚಲಿಲ್ಲ. ಬಂತು, ನನ್ನ ತಪ್ಪು ನನ್ನ ಮನೆಗೇ ಬಂತು ಎಂದುಕೊಂಡೆ. ಬೇರೇನಾದರೂ ಇರಬಹುದೇ ಎಂದು ನೀವು ಕೇಳಿದ್ದಿರಿ. ಆ ಸಾಲನ್ನು ನಾನು ಓದಿದ್ದೇನೆ, ಓದಿದ ನೆನಪಿದೆ. ಉತ್ತರ ಬರೆಯಲಿಲ್ಲ.

ನಿನ್ನೆ ಆ ಮೂರನೆಯ ಚೌಕದ ಲೆಕ್ಕ, ಗ್ರಾಫ್, ನನ್ನ ಹೆಸರು ಎಲ್ಲವನ್ನೂ ಕಂಪನಿಯ ದೊಡ್ಡವರಿಗೆ ಬರೆದು ಕೊಟ್ಟಿದ್ದೇನೆ. ಕೆಲಸ ಹೋದರೆ ಹೋಗಲಿ. ನನಗೆ ಅದೇ ಸರಿಯಾದ ಶಿಕ್ಷೆ. ನಾನು ಬಂದು ನಿಮ್ಮ ಮುಂದೆ ನಿಲ್ಲುವ ಯೋಗ್ಯತೆಯವಳಲ್ಲ.

ಇಲಿಮರಿ


ಜೂನ್ ೨೫

ನಿನ್ನ ಕಾಗದವನ್ನು ಅವರಿಗೆ ಓದಿದೆ. ಇನ್ನು ಈ ಮನೆಯಲ್ಲಿ ಯಾವ ಕಾಗದವನ್ನೂ ಮುಚ್ಚಿಡುವುದಿಲ್ಲ.

ಎರಡು ಪುಟ ಬರೆದಿದ್ದೀಯ. ನಿನ್ನ ಚೌಕ, ನಿನ್ನ ಸಹಿ, ನಿನ್ನ ಶಿಕ್ಷೆ. ಅಣ್ಣ ಹೇಗಿದ್ದಾನೆ ಎಂಬ ಒಂದು ಸಾಲಿಲ್ಲ. ನೀನು ಬರೆಯದೆ ಬಿಟ್ಟ ತೊಂಬತ್ತಾರರಿಂದ ಯಾರ್ಯಾರಿಗೆ ತಲೆ ನೋಯುತ್ತಿದೆಯೋ ಅವರಿಗೆ ನೀನು ತಪ್ಪಿತಸ್ಥೆ. ಅದನ್ನು ಹೇಳಿಕೊಂಡದ್ದು ಒಳ್ಳೆಯದೇ ಆಯಿತು. ಆದರೆ ಇವರ ಕಣ್ಣು ಹೋದದ್ದು ಅದರಿಂದಲ್ಲ. ನಿನ್ನ ತಪ್ಪೇ ಕಾರಣವಾಗಿರಬೇಕೆಂದು ನೀನು ಹಟ ಹಿಡಿದೆಯಲ್ಲ, ಅದರಿಂದ. ಅವರ ನೋವಿನಲ್ಲೂ ನೀನು ನಿನ್ನನ್ನೇ ನೋಡಿಕೊಂಡೆ.

ನಾನೂ ಸಾಚಾ ಅಲ್ಲ. ಏಪ್ರಿಲ್‌ನಲ್ಲಿ ಕೈಹಿಡಿದು ಕರೆದುಕೊಂಡು ಹೋಗಬಹುದಿತ್ತು, ನಿನ್ನ ಅಪ್ಪಣೆಗೆ ಕಾದೆ.

ಇನ್ನೊಂದನ್ನು ಬೇಕೆಂದೇ ಹೋದ ಕಾಗದದಲ್ಲಿ ಬರೆಯದೆ ಬಿಟ್ಟಿದ್ದೆ. ಬರೆಯಲು ಕೈ ಬರಲಿಲ್ಲ, ಅಷ್ಟು ಸಿಟ್ಟಿತ್ತು. ಡಾಕ್ಟರಮ್ಮ ಅವತ್ತೇ ಹೇಳಿದ್ದರು, ಈ ಇಕ್ಕಟ್ಟು ಒಡಹುಟ್ಟಿದವರಿಗೂ ಇರಬಹುದು, ತಂಗಿಯ ಕಣ್ಣನ್ನು ಬೇಗ ಪರೀಕ್ಷೆ ಮಾಡಿಸಲಿ ಎಂದು. ಐದು ವಾರ ನಾನದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತೆ. ನೀನು ಕಪ್ಪು ಬಟ್ಟೆಯೊಳಗೆ ಬಗ್ಗಿ ಕೂರುವವಳು ಎಂದು ಗೊತ್ತಿದ್ದೂ. ಈಗ ಹೇಳು, ನಮ್ಮಿಬ್ಬರಲ್ಲಿ ಯಾರು ಹೆಚ್ಚು ಕೆಟ್ಟವರು.

ನಾಳೆಯೇ ಹೋಗು.


ಜುಲೈ ೪

ಅತ್ತಿಗೆ,

ಹೋಗಿದ್ದೆ. ನನ್ನದೂ ಅದೇ ಕಣ್ಣು. ಎರಡೂ ಕಡೆ ಇಕ್ಕಟ್ಟು. ಒತ್ತಡ ಇನ್ನೂ ಏರಿರಲಿಲ್ಲ. ಸೋಮವಾರ ಲೇಸರ್ ಮಾಡಿದರು, ಐದು ನಿಮಿಷದ ಕೆಲಸ. ನಡೆದುಕೊಂಡೇ ಮನೆಗೆ ಬಂದೆ.

ಐದು ನಿಮಿಷ, ಅತ್ತಿಗೆ.

ಕಂಪನಿಯವರು ಇನ್ನೂ ಏನೂ ಹೇಳಿಲ್ಲ. ಅಣ್ಣ ಹೇಗಿದ್ದಾನೆ? ಚಿಮುಟ ಹಿಡಿಯುತ್ತಿದ್ದಾನೆಯೇ?


ಜುಲೈ ೧೯

ಇಲಿಮರಿ,

ಸಾಲು ಓರೆಯಾದರೆ ಹೊಂದಿಸಿಕೊಂಡು ಓದಿಕೊ. ಅತ್ತಿಗೆ ಬರೆದುಕೊಡ್ತೀನಿ ಅಂದಳು, ನಾನೇ ಬೇಡ ಅಂದೆ. ಅವಳು ಬರೆದರೆ ವ್ಯಾಕರಣ ತಿದ್ದುತ್ತಾಳೆ.

ಚಿಮುಟ ಹಿಡಿದೆ. ಹೋದ ವಾರ, ಕಿಟಕಿ ತೆಗೆದು, ಎಲ್ಲ ದೀಪ ಹಾಕಿಕೊಂಡು. ಒಂದು ಕಣ್ಣಿಗೆ ಆಳ ತಿಳಿಯುವುದಿಲ್ಲ ಅಂತ ಡಾಕ್ಟರಮ್ಮ ಹೇಳಿದ್ದರು, ನಾನು ನಂಬಿರಲಿಲ್ಲ. ಸ್ಕ್ರೂ ಅಲ್ಲೇ ಕಾಣುತ್ತದೆ. ಚಿಮುಟ ಇಳಿಸಿದರೆ ಅದರ ಮುಂದೆಲ್ಲೋ ಗಾಳಿಯಲ್ಲಿ ಮುಚ್ಚಿಕೊಳ್ಳುತ್ತದೆ. ಎಂಟು ಸಲ ಬರೀ ಗಾಳಿ ಹಿಡಿದೆ. ಒಂಬತ್ತನೇ ಸಲ ಮೇಷ್ಟ್ರ ಗಡಿಯಾರದ ಸ್ಪ್ರಿಂಗ್ ಬಗ್ಗಿತು. ಅವರು "ಪರವಾಗಿಲ್ಲ ಬಿಡಪ್ಪ" ಅಂದರು. ಆ ಮನುಷ್ಯ ಯಾವತ್ತೂ ಯಾರಿಗೂ ಪರವಾಗಿಲ್ಲ ಅಂದವರಲ್ಲ. ಅವತ್ತೇ ಉಳಿದ ಗಡಿಯಾರಗಳನ್ನೆಲ್ಲ ವಾಪಸ್ ಕೊಟ್ಟೆ. ಮುಂದಿನ ಕೋಣೆ ಈಗ ಬರೀ ಕೋಣೆ.

ಬಳೆ ಚಳಿಗಾಲದಿಂದಲೇ ಕಾಣುತ್ತಿತ್ತು. ನಿನಗೆ ಬರೆಯೋದು ಬೇಡ ಅನ್ನಿಸಿತು. ನೀನು ಕಾರಣ ಕಂಡುಹಿಡಿದಿದ್ದೆ, ತಿಂಗಳಿಗೊಂದು ಕಾಗದ ಬರೆಯುತ್ತಿದ್ದೆ. ಅದು ತಪ್ಪು ಕಾರಣ ಅಂತಾದರೆ ನೀನು ಮತ್ತೆ ಮಾಯ ಆಗ್ತೀಯ ಅಂದುಕೊಂಡೆ. ನೋವು ತಡೆದುಕೊಳ್ಳಬಹುದಿತ್ತು. ಅತ್ತಿಗೆಗೆ ಇದು ಗೊತ್ತಿಲ್ಲ, ಈ ಕಾಗದ ನೋಡಿದ ಮೇಲೆ ಗೊತ್ತಾಗುತ್ತದೆ, ಆಮೇಲೆ ನನ್ನ ಗತಿ ಏನೋ.

ನಿನ್ನ ಕಣ್ಣು ಉಳಿಯಿತು ಅಂತ ಕೇಳಿ ಆ ದಿನ ಊಟ ಮಾಡಿದೆ.

ಸಿಟ್ಟಿಲ್ಲ ಅಂತ ಸುಳ್ಳು ಹೇಳೋದಿಲ್ಲ. ಬೆಳಗ್ಗೆ ಎದ್ದಾಗ ಇರುತ್ತದೆ, ಸಂಜೆಗೆ ಅರ್ಧ ಆಗಿರುತ್ತದೆ. ಯೋಗ್ಯತೆ ಗೀಗ್ಯತೆ ಅಂತೆಲ್ಲ ಬರೆಯಬೇಡ. ರಜೆ ಸಿಕ್ಕಿದಾಗ ಬಾ. ಕೈಯಲ್ಲಿ ಏನೂ ತರಬೇಡ, ಅಳೆಯೋದಂತೂ ಬೇಡವೇ ಬೇಡ. ಬಂದವಳು ನನ್ನ ಎಡಗಡೆ ಕೂತುಕೋ. ಬಲಗಡೆ ಕೂತರೆ, ನೀನು ಮಾತಾಡದೆ ಸುಮ್ಮನಿದ್ದಾಗ, ಇದ್ದೀಯೋ ಇಲ್ಲವೋ ನನಗೆ ತಿಳಿಯುವುದಿಲ್ಲ.

ಅಣ್ಣ